ತೊಟ್ಟಿಯ ಉಪ್ಪು

ಕಬ್ಬಿನ ಕಟಾವು ಅರ್ಧಕ್ಕೆ ಬಂದಿತ್ತು. ನೈಲ್ ನದಿಯ ಕಡೆಯಿಂದ ಎದ್ದ ಮಂಜು ಬೆಳಗಿನ ಹೊತ್ತು ಕಬ್ಬಿನ ರೈಲಿನ ಹಳಿಗಳ ಮೇಲೆ ಬಿದ್ದುಕೊಂಡಿರುತ್ತಿತ್ತು. ಸಕ್ಕರೆ ಕಾರ್ಖಾನೆಗೆ ಹೋಗುವ ಆ ಗಿಡ್ಡ ರೈಲು ಕೂಗುತ್ತ ಬಂದರೆ ಮಂಜು ಸೀಳಿ ಎರಡಾಗಿ, ರೈಲು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಗಂಡಸರು ಕತ್ತಿ ಹಿಡಿದು ಗದ್ದೆಗೆ ಇಳಿಯುವ ಹೊತ್ತಿಗೆ ನಾವು ಹೆಂಗಸರು ಹಳಿ ದಾಟಿ ರಷ್ವಾನನ ಅಂಗಳ ಸೇರುತ್ತಿದ್ದೆವು.

ಅಂಗಳವೆಂದರೆ ಮಣ್ಣಿನ ಗೋಡೆ ಸುತ್ತಿದ ಬಯಲು. ಮೊದಲು ಅಲ್ಲಿ ರಷ್ವಾನನ ಅಪ್ಪ ದನಗಳ ಮೇವಿಗೆ ಜೋಳ ಒಡೆಯುವ ಗಿರಣಿ ಇಟ್ಟುಕೊಂಡಿದ್ದ. ಈಗ ಅದೇ ಗಿರಣಿ ಬ್ಯಾಟರಿ ಒಡೆಯುತ್ತದೆ. ಮರುಭೂಮಿಯ ಅಂಚಿನ ಹೊಸ ಜಮೀನುಗಳ ಸೌರ ಪಂಪುಗಳಿಂದ, ಮೂರು ಗಾಲಿಯ ಗಾಡಿಗಳಿಂದ, ಫೋನ್ ಗೋಪುರಗಳಿಂದ ಸತ್ತ ಬ್ಯಾಟರಿಗಳು ಲಾರಿ ತುಂಬಿ ಬರುತ್ತವೆ. ಅವುಗಳ ಹೊಟ್ಟೆ ಬಿಚ್ಚಿ, ಒಳಗಿನ ಬೆರಳುದ್ದದ ಸೆಲ್ಲುಗಳನ್ನು ಬಿಡಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು. ಸತ್ತ ಬ್ಯಾಟರಿ ಎನ್ನುವುದು ಬರಿಯ ಮಾತು. ಯಾವುದೂ ಪೂರ್ತಿ ಸತ್ತಿರುವುದಿಲ್ಲ. ಪಂಪು ಎತ್ತಲಾರದಷ್ಟು ಸೋತಿರುತ್ತದೆ, ಆದರೆ ಮನುಷ್ಯನನ್ನು ಸುಡುವಷ್ಟು ಜೀವ ಒಳಗೆ ಕೂತಿರುತ್ತದೆ. ಆ ಜೀವವನ್ನು ಉಪ್ಪುನೀರು ಗುಳ್ಳೆ ಗುಳ್ಳೆಯಾಗಿ ಹೊರಗೆಳೆಯಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಆಮೇಲೆ ಚಾಪೆಯ ಮೇಲೆ ಒಣಗಿಸಿ, ಗಿರಣಿಗೆ ಹಾಕಿ, ಜರಡಿ ಹಿಡಿದರೆ ತಾಮ್ರದ ಹಾಳೆಯ ಚೂರು ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ಕೆಳಗೆ ಕರಿಪುಡಿ. ಆ ಪುಡಿಯೇ ಬಂಗಾರ. ಅದರಲ್ಲಿ ಕೋಬಾಲ್ಟ್ ಇದೆ, ಲಿಥಿಯಂ ಇದೆ ಎನ್ನುತ್ತಾರೆ. ಚೀಲಕ್ಕೆ ತುಂಬಿ ಕೆಂಪು ಸಮುದ್ರದ ಬಂದರಿಗೆ ಕಳಿಸುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಉಗುರಿನ ಸಂದಿಯ ಕಪ್ಪು. ಅದು ಹಬ್ಬಕ್ಕೂ ಹೋಗುವುದಿಲ್ಲ.

ಚಳಿಗಾಲದಲ್ಲಿ ತೊಟ್ಟಿಯ ಕೆಲಸ ಯಾರಿಗೂ ಬೇಡ. ಬಿರುಕುಬಿಟ್ಟ ಬೆರಳಿಗೆ ಉಪ್ಪು ಹತ್ತಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಕೆಲಸವನ್ನು ದಹಬ್ ತಾನಾಗಿ ಕೇಳಿ ಪಡೆದಿದ್ದಳು. ನಾವು ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಉಮ್ಮು ಶಾಝಲಿ, ಶಾಝಲಿಯ ತಾಯಿ, ಎನ್ನುತ್ತಿದ್ದೆವು. ಶಾಝಲಿ ಸತ್ತಮೇಲೂ ಹಾಗೆಯೇ ಕರೆದೆವು.

ಶಾಝಲಿ ಸತ್ತದ್ದು ಇದೇ ಅಂಗಳದಲ್ಲಿ, ಹಿಂದಿನ ಬೇಸಿಗೆಯಲ್ಲಿ. ಅವಳಿಗಿದ್ದವನು ಅವನೊಬ್ಬನೇ. ಬಂದರಿನ ಲಾರಿ ಬಾಗಿಲಿಗೆ ಬಂದು ನಿಂತಿತ್ತು, ಚೀಲಗಳು ತುಂಬಿರಲಿಲ್ಲ. ನೆನೆಯಲು ಬಿಟ್ಟರೆ ಲಾರಿ ಹೋಗುತ್ತದೆ ಎಂದು ರಷ್ವಾನ ಹಸಿ ಸೆಲ್ಲುಗಳನ್ನೇ ಗಿರಣಿಗೆ ಸುರಿಸಿದ. ಆಗ ಕರಿಪುಡಿ ಕಳುವಾಗುತ್ತಿದ್ದ ಕಾಲ. ಅದಕ್ಕೆ ಗಿರಣಿ ಓಡುವಾಗಲೆಲ್ಲ ಅವನು ಅದಿದ್ದ ಕೊಟ್ಟಿಗೆಗೆ ಹೊರಗಿನಿಂದ ಬೀಗ ಹಾಕಿ, ಕೀ ಜೇಬಿಗಿಟ್ಟುಕೊಂಡು ಹೋಗುತ್ತಿದ್ದ. ಆ ದಿನವೂ ಹೋದ. ಒಳಗೆ ಶಾಝಲಿಯೊಬ್ಬನೇ ಇದ್ದ. ಬಿಳಿ ಹೊಗೆ ಮೊದಲು ಬಂತು, ಆಮೇಲೆ ಸಿಡಿಯುವ ಸದ್ದು, ಆಮೇಲೆ ಬಾಗಿಲು ಬಡಿಯುವ ಸದ್ದು. ನಾವು ನೀರು ಎರಚಿದೆವು, ಅದು ಇನ್ನೂ ಉರಿಯಿತು. ರಷ್ವಾನ ಬರುವ ಹೊತ್ತಿಗೆ ಬಡಿಯುವ ಸದ್ದು ನಿಂತಿತ್ತು.

"ಬಿಸಿಗೆ ಬಾಗಿಲು ಕಚ್ಚಿಕೊಂಡುಬಿಡ್ತು. ಅಲ್ಲಾಹನ ವಿಧಿ," ಎಂದ ರಷ್ವಾನ. ಪೊಲೀಸರಿಗೂ ಅದನ್ನೇ ಹೇಳಿದ. ಬೀಗ ಹಾಕಿದ್ದು ನಮಗೆ ಗೊತ್ತಿತ್ತು, ಆದರೆ ನಮ್ಮನ್ನು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಕೊಲೆಯಾದ ಮನೆಯವರು ಸಾಂತ್ವನ ಸ್ವೀಕರಿಸುವುದಿಲ್ಲ. ಸೇಡು ತೀರುವ ತನಕ ಶಾಮಿಯಾನ ಹಾಕುವುದಿಲ್ಲ, ಕಾಫಿ ಕೊಡುವುದಿಲ್ಲ. ಇಲ್ಲವೆ ಕೊಂದವನು ತನ್ನ ಕಫನ್ ಬಟ್ಟೆಯನ್ನು, ಹೆಣಕ್ಕೆ ಸುತ್ತುವ ಬಿಳಿ ಬಟ್ಟೆಯನ್ನು, ತಾನೇ ಎರಡು ಕೈಯಲ್ಲಿ ಹೊತ್ತು, ಬರಿಗಾಲಲ್ಲಿ ಅವರ ಬಾಗಿಲಿಗೆ ಬಂದು, ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕಫನ್ ತೆಗೆದುಕೊಂಡರೆ ಪ್ರಾಣ ಉಳಿಯಿತು. ಆಮೇಲೆ ಆ ಮನೆಯ ರೊಟ್ಟಿಯ ಒಂದು ತುತ್ತು ತಿನ್ನಬೇಕು. ರೊಟ್ಟಿ ಉಪ್ಪು ಒಳಗೆ ಹೋದಮೇಲೆ ಎರಡು ಮನೆಗಳ ನಡುವೆ ರಕ್ತದ ಮಾತಿಲ್ಲ.

ಶಾಝಲಿಯನ್ನು ಮಣ್ಣು ಮಾಡಿದ ಸಂಜೆ ಸಾಂತ್ವನಕ್ಕೆ ಬಂದವರಿಗೆ ದಹಬ್ ಬಾಗಿಲು ತೆರೆಯಲಿಲ್ಲ. ಊರು ಬೆರಗಾಯಿತು. ಇದೇನು ಗುಂಡು ಹಾರಿಸಿದ ಕೊಲೆಯೇ, ಅಂಗಳದ ಬೆಂಕಿ ಎಂದರು. ಹುಚ್ಚು ಎಂದರು. ಅವಳ ಅಣ್ಣ ಬಖೀತ್, ಕತ್ತೆಗಾಡಿ ಹೊಡೆಯುವ ಒಂಟಿಗಣ್ಣಿನವನು, ಅಟ್ಟದಿಂದ ಹಳೆಯ ಬಂದೂಕು ಇಳಿಸಿದ. ಅವಳೇ ಅದನ್ನು ಕಸಿದು ಇಟ್ಟಳು.

"ನೀನು ಹೊಡೆದ್ರೆ ಅವನು ಸತ್ತು ಹೋಗ್ತಾನೆ, ಅಷ್ಟೇ ಅಲ್ವಾ ಅಣ್ಣ," ಅಂದಳು. "ಸತ್ತಮೇಲೆ ಬೀಗದ ಮಾತು ಯಾರು ಹೇಳ್ತಾರೆ? ಅವನ ಬಾಯಿಂದಲೇ ಬರ್ಬೇಕು. ಊರೆಲ್ಲ ನಿಂತು ಕೇಳ್ಬೇಕು."

"ಅವನು ಹೇಳ್ತಾನಾ? ಕನಸು ನಿಂದು."

"ಹೇಳ್ತಾನೆ. ನನಗೇನು ಅವಸರ."

ರಷ್ವಾನ ಸಕ್ಕರೆ ಮೂಟೆ ಕಳಿಸಿದ, ಅದು ಬೀದಿಯಲ್ಲೇ ಬಿದ್ದು ಇರುವೆ ತಿಂದವು. ಕೊನೆಗೆ ನನ್ನನ್ನು ಕರೆದ.

"ಏ ವಹೀದಾ, ನಿನ್ನ ಗೆಳತಿಗೆ ಹೇಳು. ಮನೇಲಿ ಕೂತು ಏನು ಮಾಡ್ತಾಳೆ? ಬಂದು ಕೆಲ್ಸ ಮಾಡ್ಲಿ. ಎಲ್ಲರ ಹಾಗೆ ಮಧ್ಯಾಹ್ನ ಊಟ ಇಲ್ಲೇ. ನನ್ನ ರೊಟ್ಟಿ ಉಪ್ಪು ತಿಂದ್ಲು ಅಂದ್ರೆ ಊರವರ ಬಾಯೂ ಮುಚ್ಚುತ್ತೆ, ಅವಳ ಹೊಟ್ಟೇನೂ ತುಂಬುತ್ತೆ."

ಅವಳು ಉಗಿಯುತ್ತಾಳೆ ಎಂದುಕೊಂಡೇ ಹೇಳಿದೆ. ಮರುದಿನ ಬೆಳಗ್ಗೆ ಹಳಿಯ ಹತ್ತಿರ ನನಗಾಗಿ ಕಾದು ನಿಂತಿದ್ದಳು.

ಊರು ಅವಳನ್ನು ಬಿಡಲಿಲ್ಲ. ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಕಿವಿಗೆ ಬೀಳುವ ಹಾಗೆ ಆಡಿದರು. ಮಗನನ್ನು ಸುಟ್ಟ ಒಲೆಯಲ್ಲೇ ರೊಟ್ಟಿ ಬೇಯಿಸ್ಕೊಳ್ತಾಳೆ ನೋಡಿ ಎಂದರು. ಬಖೀತ್ ಅವಳ ಜೊತೆ ಮಾತು ಬಿಟ್ಟ. ಅವಳು ತೋಳಿನ ಬಟ್ಟೆ ಮಡಚಿ ಕೈಯನ್ನು ಉಪ್ಪುನೀರಿಗೆ ಇಳಿಸಿದಳು.

ರಷ್ವಾನನಿಗೆ ಅದು ಗೆಲುವಾಗಿ ಕಂಡಿತು. ಮಧ್ಯಾಹ್ನ ಅವನ ಮನೆಯಿಂದ ದೊಡ್ಡ ತಟ್ಟೆ ಬರುತ್ತಿತ್ತು. ಬೇಯಿಸಿದ ಅವರೆ, ಹಳೆಯ ಉಪ್ಪು ಚೀಸು, ರೊಟ್ಟಿ. ನಾವೆಲ್ಲ ಸುತ್ತ ಕೂತು ಒಂದೇ ತಟ್ಟೆಯಿಂದ ತಿನ್ನುತ್ತಿದ್ದೆವು. ಗಂಡಸರು ನಡುವಿನ ಗಿಡ್ಡ ಗೋಡೆಯ ಆಚೆ ತಿನ್ನುತ್ತಿದ್ದರು. ಹೆಂಗಸರ ತಟ್ಟೆಯ ಕಡೆ ಕಣ್ಣು ಹಾಯಿಸುವುದು ನಮ್ಮಲ್ಲಿ ಗಂಡಸಿಗೆ ಮರ್ಯಾದೆಯಲ್ಲ. ರಷ್ವಾನ ದುಡುಕಿನವನಾದರೂ ಆ ಮರ್ಯಾದೆ ಮೀರಿದವನಲ್ಲ. ಬೆನ್ನು ತಿರುಗಿಸಿಕೊಂಡು ಹೋಗುತ್ತಿದ್ದ. ಕಪ್ಪು ಬಟ್ಟೆಗಳ ಗುಂಪಿನಲ್ಲಿ ಅವಳೂ ಒಂದು ಕಪ್ಪು ಬಟ್ಟೆ, ಅಷ್ಟೇ ಅವನಿಗೆ ಗೊತ್ತು.

ಅವಳು ತಟ್ಟೆಗೆ ಕೈ ಹಾಕಲಿಲ್ಲ. ಮೊದಲ ದಿನದಿಂದಲೂ ಹಾಕಲಿಲ್ಲ. ನಮಗೆ ಬೆನ್ನು ತಾಗುವಷ್ಟು ಹತ್ತಿರ ಕೂತು, ಮಡಿಲಿನ ಗಂಟು ಬಿಚ್ಚಿ, ಮನೆಯಿಂದ ತಂದ ಬಿಸಿಲು ರೊಟ್ಟಿಯನ್ನು ಕಬ್ಬಿನ ಜೋನಿಬೆಲ್ಲದಲ್ಲಿ ಅದ್ದಿ ತಿನ್ನುತ್ತಿದ್ದಳು. ನೀರನ್ನೂ ಮನೆಯಿಂದಲೇ ತರುತ್ತಿದ್ದಳು. ಒಂದು ದಿನ ಅವಳ ರೊಟ್ಟಿಯ ಚೂರು ಕಿತ್ತು ನಾನು ಬಾಯಿಗೆ ಹಾಕಿಕೊಂಡೆ. ನಮ್ಮ ಬಿಸಿಲು ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕಿಯೇ ಬಿಸಿಲಲ್ಲಿ ಉಬ್ಬಲು ಬಿಡುತ್ತೇವೆ. ಉಪ್ಪಿಲ್ಲದ ರೊಟ್ಟಿಯನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಹಸಿ ಗೋಡೆ ಕಚ್ಚಿದ ಹಾಗಾಯಿತು.

"ಉಪ್ಪು ಮರೆತೆಯೇನೇ?" ಎಂದೆ.

"ಮರೆತಿಲ್ಲ."

"ಮತ್ತೆ?"

"ಅವನ ಅಂಗಳದಲ್ಲಿ ಕೂತು ತಿನ್ನೋ ತುತ್ತಲ್ವಾ. ಉಪ್ಪು ನನ್ನ ಮನೇದೇ ಆದ್ರೂ ಬೇಡ. ನಾಳೆ ಯಾವನಾದ್ರೂ ಅವನ ಅಂಗಳದಲ್ಲಿ ಉಪ್ಪು ತಿಂದ್ಲು ಅಂದ್ಬಿಡಬಾರ್ದು."

"ಉಪ್ಪಿಲ್ಲದ ರೊಟ್ಟಿಗೆ ನಾಯಿಯೂ ಬಾಲ ಅಲ್ಲಾಡಿಸಲ್ಲ ಅಂತಾರೆ."

"ಅದಕ್ಕೇ ತಿನ್ತಿರೋದು. ಬಾಲ ಅಲ್ಲಾಡಿಸ್ಬಾರ್ದು ಅಂತ."

ನಾನು ನಕ್ಕೆ. ಅವಳು ನಗಲಿಲ್ಲ. ಸುಟ್ಟ ಕೊಟ್ಟಿಗೆಯ ಜಾಗದಲ್ಲಿ ರಷ್ವಾನ ಹೊಸ ಕೊಟ್ಟಿಗೆ ಎಬ್ಬಿಸಿದ್ದ, ಹೊಸ ಬಾಗಿಲು, ಹಸಿರು ಬಣ್ಣ. ಅವಳು ತಿನ್ನುವಾಗ ಆ ಬಾಗಿಲನ್ನೇ ನೋಡುತ್ತಿದ್ದಳು.

"ದಿನಾ ಅದನ್ನೇ ನೋಡಿ ಹೊಟ್ಟೆ ಉರಿಸ್ಕೋತೀಯಲ್ಲೇ. ಯಾಕೆ ಬಂದೆ ಇಲ್ಲಿಗೆ?"

"ಮನೇಲಿ ಕೂತಿದ್ರೆ ಆರಿಹೋಗ್ತಿತ್ತು ವಹೀದಾ. ಎಲ್ಲಾ ಆರಿಹೋಗುತ್ತೆ. ಅದಕ್ಕೆ ಬಂದೆ."

ತೊಟ್ಟಿಯ ಕೆಲಸದಲ್ಲಿ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ. ನೆನೆದ ಸೆಲ್ಲನ್ನು ಒರೆಸಿ, ಎರಡು ತಂತಿ ಕಟ್ಟಿದ ಟಾರ್ಚಿನ ಪುಟ್ಟ ಬಲ್ಬನ್ನು ಅದರ ಎರಡು ತುದಿಗೆ ಮುಟ್ಟಿಸುತ್ತಿದ್ದಳು. ಬಲ್ಬಿನ ಒಳಗೆ ಕೂದಲೆಳೆಯಷ್ಟು ಕೆಂಪು ಕಂಡರೂ ಸೆಲ್ಲು ಮತ್ತೆ ನೀರಿಗೆ. ಏನೂ ಕಾಣದಿದ್ದರೆ "ಸತ್ತಿದೆ" ಎಂದು ಚಾಪೆಗೆ ಎಸೆಯುತ್ತಿದ್ದಳು. ಗಿರಣಿಯ ಗಂಡಸರು ಬರಬರುತ್ತ ಅವಳ ಬಾಯಿಂದ ಆ ಮಾತು ಕೇಳದೆ ಚೀಲ ಎತ್ತುವುದನ್ನೇ ಬಿಟ್ಟರು. ಒಳಗೆ ನಿಲ್ಲುವವರು ಅವರು. ಶಾಝಲಿಯನ್ನು ಎತ್ತಿ ಹೊರಗೆ ತಂದವರೂ ಅವರೇ. "ತಾಯಿ ಹೇಳಿದ್ಲಾ?" ಎಂದು ಕೇಳುತ್ತಿದ್ದರು. ಹೇಳಿದ್ದಾಳೆ ಎಂದರೆ ಮಾತ್ರ ಗಿರಣಿ ಓಡುತ್ತಿತ್ತು. ರಷ್ವಾನ ಅವಸರಪಡಿಸಿದರೂ ಅವನ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಅವನಿಗೂ ಅದರಿಂದ ನಷ್ಟವೇನಿರಲಿಲ್ಲ. ಪುಡಿ ಚೆನ್ನಾಗಿ ಬರುತ್ತಿತ್ತು, ಬೆಂಕಿ ಬೀಳುತ್ತಿರಲಿಲ್ಲ.

ಕಟಾವು ಮುಗಿಯುವ ಹೊತ್ತಿಗೆ ರಷ್ವಾನನ ಹಿರಿಮಗ ಮುಂತಸಿರನಿಗೆ ಹೆಣ್ಣು ಗೊತ್ತಾಯಿತು. ನದಿಯಾಚೆಯ ದೊಡ್ಡ ಮನೆತನ. ಹುಡುಗಿಯ ಅಜ್ಜ ಹಾಜಿ ಕಿನಾವಿ ಸುತ್ತಲಿನ ಊರುಗಳಲ್ಲಿ ರಕ್ತದ ಜಗಳಗಳಿಗೆ ಪಂಚಾಯಿತಿ ಮಾಡುವ ಮುದುಕ. ಅವನ ಮನೆಯ ಹೆಣ್ಣು ಬಂದರೆ ರಷ್ವಾನನ ತಲೆಯ ರುಮಾಲು ಒಂದು ಗೇಣು ಮೇಲೇರುತ್ತಿತ್ತು. ಮುದುಕ ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಮನೆಯ ಮೇಲೆ ತೀರದ ರಕ್ತ ಇದೆಯಂತಲ್ಲ, ನಿಜವೇ?

ರಷ್ವಾನ ನಕ್ಕನಂತೆ. "ಯಾವ ರಕ್ತ ಹಾಜಿ? ಆ ತಾಯಿ ದಿನಾ ನನ್ನ ರೊಟ್ಟಿ ಉಪ್ಪು ತಿನ್ತಾಳೆ. ಬಂದು ನೋಡಿ."

ಮುದುಕ ಬಂದೇ ಬಂದ. ಹಿಂದೆ ನಾಲ್ಕಾರು ಜನ ಹಿರಿಯರು, ಮದುವೆಯ ಮಾತಿಗೆ ಸಿಹಿ ತಂದವರು. ಅಂಗಳದ ಗಂಡಸರೆಲ್ಲ ಕೈ ಒರೆಸಿಕೊಂಡು ನಿಂತರು. ಮಧ್ಯಾಹ್ನದ ತಟ್ಟೆ ನಮ್ಮ ಮುಂದೆ ಇಳಿದಿತ್ತಷ್ಟೆ. ಹಾಜಿ ಗೋಡೆಯ ಆಚೆಯೇ ನಿಂತು, ಕೋಲಿನ ತುದಿ ನೋಡುತ್ತ, ದನಿ ಎತ್ತಿದ.

"ಉಮ್ಮು ಶಾಝಲಿ ಅನ್ನೋಳು ಇದೀಯೇನಮ್ಮಾ?"

"ಇದ್ದೀನಿ ಹಾಜಿ."

"ಅಲ್ಲಾಹನ ಮುಂದೆ ಹೇಳು ಮಗಳೇ. ಈ ರಷ್ವಾನನ ರೊಟ್ಟಿ ಉಪ್ಪು ತಿಂದಿದ್ದೀಯಾ?"

ಅವಳು ಎದ್ದು ನಿಂತಳು. ಒದ್ದೆ ಕೈಯನ್ನು ಗೋಡೆಯ ಮೇಲೆ ಚಾಚಿದಳು. ಬೆರಳುಗಳ ಬಿರುಕಿನಲ್ಲಿ ಉಪ್ಪು ಬಿಳಿಯಾಗಿ ಒಣಗಿತ್ತು.

"ಅವನ ಉಪ್ಪು ಕೈ ಮೇಲಿದೆ ಹಾಜಿ. ನಾಲಗೆ ಮೇಲಿಲ್ಲ."

"ಸುಳ್ಳು," ಎಂದ ರಷ್ವಾನ. "ದಿನಾ ತಟ್ಟೆ ಸುತ್ತ ಕೂತಿರ್ತಾಳೆ. ಇಷ್ಟು ದಿನದಿಂದ ಉಣ್ತಾ ಇದ್ದಾಳೆ."

"ನೀನು ನೋಡಿದ್ದೀಯಾ?" ಎಂದ ಹಾಜಿ.

ಹೆಂಗಸರ ತಟ್ಟೆ ನೋಡಿದ್ದೇನೆ ಎಂದರೆ ರಷ್ವಾನನ ಮರ್ಯಾದೆ ಹೋಗುತ್ತದೆ. ನೋಡಿಲ್ಲ ಎಂದರೆ ಮಾತು ಹೋಗುತ್ತದೆ.

"ಜೊತೆಗೆ ಕೂತವರು ಹೇಳಿ," ಎಂದ ಹಾಜಿ.

ನನ್ನ ಗಂಡನ ಕಬ್ಬಿನ ಕೂಲಿ ಆ ವಾರ ಮುಗಿಯುವುದರಲ್ಲಿತ್ತು, ಅಂಗಳದ ಕೆಲಸ ಹೋದರೆ ಮನೆಯ ಒಲೆ ಆರುತ್ತಿತ್ತು. ಆದರೂ ನನ್ನ ಬಾಯಿಂದ ಮಾತು ಬಂತು. "ತಿಂದಿಲ್ಲ ಹಾಜಿ. ಒಂದು ತುತ್ತೂ ತಿಂದಿಲ್ಲ. ನೀರೂ ಮನೆಯಿಂದ ತರ್ತಾಳೆ." ನಾನು ಹೇಳಿದ ಮೇಲೆ ಉಳಿದವರೂ ಹೂಂಗುಟ್ಟಿದರು.

"ಏನು ಬೇಕು ಈ ಹೆಂಗಸಿಗೆ?" ರಷ್ವಾನನ ಕತ್ತಿನ ನರ ಉಬ್ಬಿತ್ತು. "ನಾನೇನು ಗುಂಡು ಹಾರಿಸಿದ್ನಾ? ಬೆಂಕಿ ಬಿತ್ತು, ಬಾಗಿಲು ಕಚ್ಚಿಕೊಳ್ತು. ಸಾವಿರ ಸಲ ಹೇಳಿದ್ದೀನಿ."

ದಹಬ್ ಮಡಿಲಿನ ಗಂಟು ಬಿಚ್ಚಿದಳು. ಅದರಲ್ಲಿ ರೊಟ್ಟಿ ಮಾತ್ರ ಇರುತ್ತದೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ರೊಟ್ಟಿಯ ಕೆಳಗೆ ಇನ್ನೊಂದು ಬಟ್ಟೆಯ ಸುತ್ತು ಇತ್ತು. ಅದರಿಂದ ಒಂದು ಬೀಗ ತೆಗೆದು ಗೋಡೆಯ ಮೇಲಿಟ್ಟಳು. ಬೆಂಕಿಯಲ್ಲಿ ಬೆಂದು ನೀಲಿಗಟ್ಟಿದ ಕಬ್ಬಿಣ. ಸುಟ್ಟ ಬಾಗಿಲಿನ ಚಿಲಕದ ತುಂಡು ಅದರ ಕೊಕ್ಕೆಯಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

"ಬೂದಿಯಲ್ಲಿ ಸಿಕ್ತು ಹಾಜಿ. ಬಾಗಿಲು ಬಿಸಿಗೆ ಕಚ್ಚಿಕೊಳ್ತಂತೆ. ಬೀಗವೂ ಬಿಸಿಗೆ ತಾನೇ ಹಾಕಿಕೊಳ್ತಾ, ಅವನನ್ನೇ ಕೇಳಿ."

ಹಾಜಿ ಬೀಗವನ್ನು ಎತ್ತಿ ನೋಡಿ ಹಾಗೆಯೇ ಇಟ್ಟ. ತಂದಿದ್ದ ಸಿಹಿಯ ಪೆಟ್ಟಿಗೆಗಳನ್ನು ತನ್ನವರ ಕೈಗೆ ಮತ್ತೆ ಹೊರಿಸಿದ.

"ಈ ತಾಯಿ ಕೇಳೋದು ಕೊಡು ರಷ್ವಾನ. ಅಲ್ಲಿ ತನಕ ನನ್ನ ಮೊಮ್ಮಗಳು ನದಿ ದಾಟಲ್ಲ. ನಿನಗೇನು ಬೇಕಮ್ಮ?"

"ಕಫನ್ ಹೊತ್ತು ಬರ್ಲಿ. ಬೀಗದ ಮಾತು ಹೇಳ್ಲಿ."

ಅವಳನ್ನು ರಷ್ವಾನ ಆ ದಿನವೇ ಹೊರಗೆ ಹಾಕಿದ. ನನ್ನನ್ನೂ ಹಾಕಿದ. ಕಫನ್ ಹೊರುವ ಬದಲು ಮಗನಿಗೆ ಕೈರೋದಿಂದ ಹೆಣ್ಣು ತರುತ್ತೇನೆ ಎಂದು ಕಾಫಿ ಅಂಗಡಿಯಲ್ಲಿ ಕೂತು ಕೂಗಾಡಿದ. ನಾವಿಬ್ಬರೂ ಅವಳ ಮನೆಯ ಜಗಲಿಯಲ್ಲಿ ಕೂತು ಬೆಳ್ಳುಳ್ಳಿಯ ಗೊಂಚಲು ಹೆಣೆದೆವು. ಬಖೀತ್ ಬಂದು ಜಗಲಿಯ ತುದಿಯಲ್ಲಿ ಕೂತ.

"ಬೀಗ ಇಷ್ಟು ದಿನ ನನ್ನಿಂದಲೂ ಮುಚ್ಚಿಟ್ಟಿದ್ಯಲ್ಲ," ಎಂದ.

"ನಿನಗೆ ತೋರಿಸಿದ್ರೆ ಬಂದೂಕು ಇಳಿಸ್ತಿದ್ದೆ."

"ಇಳಿಸ್ತಿದ್ದೆ," ಎಂದು ಒಪ್ಪಿಕೊಂಡ. ಆ ದಿನದಿಂದ ಮತ್ತೆ ತಂಗಿಯ ಜೊತೆ ಮಾತಾಡಿದ.

ವಸಂತದ ಬಿಸಿಗಾಳಿ ಶುರುವಾಯಿತು. ಮರಳು ಹೊತ್ತು ಬರುವ ಆ ಗಾಳಿಗೆ ಆಕಾಶ ಹಳದಿಯಾಗುತ್ತದೆ, ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಅದೇ ವಾರ ರಷ್ವಾನನ ಅಂಗಳಕ್ಕೆ ಫೋನ್ ಗೋಪುರಗಳ ಬ್ಯಾಟರಿ ಲಾರಿಗಟ್ಟಲೆ ಬಂತು. ಬಿಚ್ಚಿದರು, ತೊಟ್ಟಿಗೆ ಹಾಕಿದರು, ತೆಗೆದರು. ಗಿರಣಿಯ ಗಂಡಸರು ಚೀಲದ ಹತ್ತಿರ ಹೋಗಲಿಲ್ಲ.

"ಸತ್ತಿದೆ, ನಾನು ಹೇಳ್ತಿದ್ದೀನಿ," ಎಂದನಂತೆ ರಷ್ವಾನ.

"ನೀವು ಶಾಝಲಿಗೂ ಹೇಳಿದ್ರಿ ಮಾಲೀಕರೇ," ಎಂದನಂತೆ ಗಿರಣಿಯ ಮುದುಕ. "ತಾಯಿ ಬಂದು ಹೇಳ್ಲಿ."

ಮುದುಕನನ್ನು ಬೈದ. ಬೇರೆ ಊರಿನಿಂದ ಕೂಲಿಯವರನ್ನು ತಂದ. ಅವರಿಗೆ ನಮ್ಮ ಊರಿನ ಮಕ್ಕಳು ದಾರಿಯಲ್ಲೇ ಕಥೆ ಹೇಳಿದ್ದರು. ಅವರು ಹಸಿರು ಬಾಗಿಲು ನೋಡಿ ವಾಪಸು ಹೋದರು. ಬ್ಯಾಟರಿಗಳು ಬಿಸಿಲಿಗೆ ಬಾತುಕೊಳ್ಳತೊಡಗಿದವು, ಗೋಡೆಯ ಪಕ್ಕದ ರಾಶಿಯಿಂದ ಸಿಹಿ ಸಿಹಿ ವಾಸನೆ ಬರುತ್ತಿತ್ತು. ಆ ವಾಸನೆ ಬಂತೆಂದರೆ ಒಳಗಿನ ರಸ ಹೊರಗೆ ಬರುತ್ತಿದೆ ಎಂದು ಅರ್ಥ. ರಷ್ವಾನನ ಮನೆ ಆ ಗೋಡೆಗೆ ಅಂಟಿಕೊಂಡೇ ಇತ್ತು. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಮುಂತಸಿರ್ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ.

ಬರುವ ಶುಕ್ರವಾರ ಕಫನ್ ಬರುತ್ತದೆ ಎಂದು ಹಾಜಿಯಿಂದ ಹೇಳಿಕೆ ಬಂತು.

ದಹಬ್ ಹಿಂದಿನ ದಿನ ಹಿಟ್ಟು ನಾದಿದಳು. ನಾನೂ ಬಖೀತನ ಹೆಂಡತಿಯೂ ನೆರವಿಗೆ ಹೋಗಿದ್ದೆವು. ಊರಿನವರಿಗೆ, ಹಿರಿಯರಿಗೆ ಎಂದು ದೊಡ್ಡ ಬಾನಿಯಲ್ಲಿ ನಾವು ನಾದಿದೆವು. ಅವಳು ಮೂಲೆಯಲ್ಲಿ ಚಿಕ್ಕ ಬಟ್ಟಲಿನಲ್ಲಿ ತನ್ನಷ್ಟಕ್ಕೆ ನಾದಿಕೊಂಡಳು. ಮಣ್ಣಿನ ತಟ್ಟೆಗಳ ಮೇಲೆ ಹಿಟ್ಟಿನ ಉಂಡೆಗಳನ್ನಿಟ್ಟು ಬಿಸಿಲಿಗೆ ಸಾಲಾಗಿ ಹರಡಿದೆವು. ಅವಳ ಒಂದು ತಟ್ಟೆ ಬೇರೆಯಾಗಿ, ನೀರಿನ ಹರವಿಯ ಪಕ್ಕದಲ್ಲಿತ್ತು.

ಶುಕ್ರವಾರದ ನಮಾಜು ಮುಗಿದ ಮೇಲೆ ರಷ್ವಾನ ಬಂದ. ತಲೆಗೆ ರುಮಾಲಿರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ. ಎರಡು ಕೈಯ ಮೇಲೆ ಮಡಚಿದ ಬಿಳಿ ಬಟ್ಟೆ. ಹಳಿಯ ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು ಅವನ ಹಿಮ್ಮಡಿ ಕೆಂಪಾಗಿತ್ತು. ಹಿಂದೆ ಹಾಜಿ, ಹಿರಿಯರು, ಅವರ ಹಿಂದೆ ಊರು. ಬಾಗಿಲು ಒಳಗಿನಿಂದ ಹಾಕಿತ್ತು. ನಾವು ಹೆಂಗಸರೂ ಬಖೀತನೂ ಒಳಗಿದ್ದೆವು, ಕಿಟಕಿಯ ಸಂದಿಯಿಂದ ಕಂಡದ್ದು ಇಷ್ಟು.

ಅವನು ಬಾಗಿಲು ಬಡಿದ.

ದಹಬ್ ಬಾಗಿಲಿನ ಹಿಂದೆ ನೆಲದ ಮೇಲೆ ಕೂತಿದ್ದಳು. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವನು ಮತ್ತೆ ಬಡಿದ. ಬಖೀತ್ ಚಿಲಕಕ್ಕೆ ಕೈ ಹಾಕಿದ, ಅವಳು ಕೈಯಾಡಿಸಿ ಬೇಡವೆಂದಳು. ಮೂರನೆಯ ಸಲ ಬಡಿಯುವಾಗ ಅವನ ಕೈ ನಿಧಾನವಾಗಿತ್ತು.

"ಉಮ್ಮು ಶಾಝಲಿ, ಬಂದಿದ್ದೀನಿ. ಇದು ನನ್ನ ಕಫನ್. ಅಲ್ಲಾಹನ ವಿಧಿ ಇತ್ತು, ಅದು ಆಗಿಹೋಯ್ತು..."

"ವಿಧಿ ವಿಷ್ಯ ನನಗೆ ಗೊತ್ತು," ಎಂದಳು ಒಳಗಿನಿಂದ. "ಬೀಗದ್ದು ಹೇಳು."

ಹೊರಗೆ ಯಾರೋ ಕೆಮ್ಮಿದರು. ದೂರದಲ್ಲಿ ಪಂಪಿನ ಸದ್ದು ಕೇಳುತ್ತಿತ್ತು.

"ಹಾಕಿದ್ದೆ," ಎಂದ ಅವನು.

"ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ."

"ಬೀಗ ಹಾಕಿದ್ದೆ. ನಾನೇ. ಕೀ ನನ್ನ ಜೇಬಲ್ಲಿತ್ತು. ಹೊಗೆ ಕಂಡಾಗ ನಾನು ಕಾಫಿ ಅಂಗಡೀಲಿದ್ದೆ. ಯಾರದೋ ಕೊಟ್ಟಿಗೆ ಇರ್ಬೇಕು ಅಂತ ಕೂತೇ ಇದ್ದೆ. ನೆನೆಹಾಕದೆ ಸುರಿಸಿದ್ದೂ ನಾನೇ."

ಕೊನೆಯ ಮಾತುಗಳನ್ನು ಹೇಳು ಎಂದು ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವಳ ಮುಖವನ್ನು ನಾನು ನೋಡಿದೆ. ಅದರಲ್ಲಿ ಸಮಾಧಾನ ಬರುತ್ತದೆ ಎಂದು ಕಾದೆ, ಬರಲಿಲ್ಲ. ಎದ್ದು ಚಿಲಕ ತೆಗೆದು ಒಳಕೋಣೆಗೆ ಹೋದಳು.

ಬಖೀತ್ ಕಫನ್ ತೆಗೆದುಕೊಂಡ. ಹೊರಗೆ ಕುರಿ ಕೊಯ್ದು ಬಡವರಿಗೆ ಹಂಚಲು ಕಳಿಸಿದರು. ಹಾಜಿ ಫಾತಿಹಾ ಪ್ರಾರ್ಥನೆ ಓದಿಸಿದ. ಆ ಮನೆಯಲ್ಲಿ ಮೊದಲ ಸಲ ಶಾಝಲಿಯ ಹೆಸರಿನಲ್ಲಿ ಸಕ್ಕರೆಯಿಲ್ಲದ ಕಾಫಿ ಬಗ್ಗಿಸಿದರು. ಜನ ಒಬ್ಬೊಬ್ಬರಾಗಿ ಬಂದು ಬಖೀತನ ಕೈ ಹಿಡಿದು ಸಾಂತ್ವನ ಹೇಳಿದರು. ಅವನು ಒಂಟಿಗಣ್ಣಿನಿಂದ ಅಳುತ್ತಿದ್ದ.

"ಇನ್ನು ತುತ್ತು," ಎಂದ ಹಾಜಿ. "ಉಮ್ಮು ಶಾಝಲಿ, ಅವನಿಗೆ ನಿನ್ನ ಮನೆಯ ರೊಟ್ಟಿ ಕೊಡು. ಮೊದಲು ಅವನು ತಿನ್ಲಿ, ಆಮೇಲೆ ನಾವೆಲ್ಲ."

ಒಳಕೋಣೆಯಲ್ಲಿ ರೊಟ್ಟಿಗಳ ದೊಡ್ಡ ಬುಟ್ಟಿ ಬಿಸಿಯಾಗಿ ಕೂತಿತ್ತು. ನಾನು ಅದಕ್ಕೆ ಕೈ ಹಾಕಿದೆ. ದಹಬ್ ನನ್ನ ಮಣಿಕಟ್ಟು ಹಿಡಿದಳು. ಹರವಿಯ ಪಕ್ಕದಿಂದ ಬಟ್ಟೆ ಮುಚ್ಚಿದ ಒಂದು ರೊಟ್ಟಿ ತೆಗೆದು ತಟ್ಟೆಯಲ್ಲಿಟ್ಟಳು. ಚೆನ್ನಾಗಿ ಉಬ್ಬಿದ, ಕಂದು ಬಣ್ಣದ, ಕಣ್ಣಿಗೆ ಬೇರೆ ರೊಟ್ಟಿಗಳ ಹಾಗೆಯೇ ಕಾಣುವ ರೊಟ್ಟಿ.

"ಇದು ಅವನಿಗೆ," ಎಂದಳು.

ನನಗೆ ಅರ್ಥವಾಯಿತು. ತಟ್ಟೆ ಹಿಡಿದು ಒಂದು ಗಳಿಗೆ ನಿಂತೆ. ಶಾಝಲಿ ಬಾಗಿಲು ಬಡಿದದ್ದನ್ನು ನಾನೂ ಕೇಳಿದವಳು. ಹೊರಗೆ ತಂದು ರಷ್ವಾನನ ಮುಂದಿಟ್ಟೆ.

ಅವನು ರೊಟ್ಟಿ ಮುರಿದು ತುತ್ತು ಬಾಯಿಗಿಟ್ಟ. ಎರಡು ಸಲ ಅಗಿದ. ಆಮೇಲೆ ಅವನ ದವಡೆ ನಿಂತಿತು. ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ. ಒಳಕೋಣೆಯ ಬಾಗಿಲಿನಲ್ಲಿ ಅವಳು ನಿಂತಿದ್ದಳು. ಮುಸುಕು ಎಳೆದುಕೊಂಡಿರಲಿಲ್ಲ. ಕಣ್ಣು ಮಿಟುಕಿಸದೆ ಅವನ ಬಾಯನ್ನೇ ನೋಡುತ್ತಿದ್ದಳು.

ರೊಟ್ಟಿಯಲ್ಲಿ ಉಪ್ಪಿಲ್ಲ ಎಂದು ಅವನು ಒಂದು ಮಾತು ಹೇಳಿದ್ದರೆ ಹಾಜಿ ಏಳುತ್ತಿದ್ದ, ಮದುವೆ ಮುರಿಯುತ್ತಿತ್ತು, ಕಫನ್ ಮತ್ತೆ ಅವನ ಕೈಗೆ ಬರುತ್ತಿತ್ತು, ಬರಿಗಾಲಲ್ಲಿ ನಡೆದದ್ದು ನೀರುಪಾಲಾಗುತ್ತಿತ್ತು. ಹೇಳದಿದ್ದರೆ ಅವನ ಹೊಟ್ಟೆಗೆ ಹೋಗುವುದು ಬರಿಯ ಹಿಟ್ಟು.

"ಏನಯ್ಯಾ, ಗಂಟಲಿಗೆ ಸಿಕ್ಕಿತಾ?" ಎಂದ ಹಾಜಿ.

"ಇಲ್ಲ ಹಾಜಿ." ಅವನು ನುಂಗಿದ. "ಚೆನ್ನಾಗಿದೆ."

"ರೊಟ್ಟಿ ಉಪ್ಪು ಒಳಗೆ ಹೋಯ್ತು," ಎಂದು ಹಾಜಿ ಎದ್ದು ಎಲ್ಲರಿಗೂ ಕೇಳುವಂತೆ ಸಾರಿದ. "ಇವತ್ತಿಗೆ ಈ ಎರಡು ಮನೆ ನಡುವೆ ರಕ್ತ ಮುಗಿಯಿತು." ಜನ ಅಲ್ಲಾಹನಿಗೆ ಸ್ತುತಿ ಹೇಳಿದರು. ದೊಡ್ಡ ಬುಟ್ಟಿ ಹೊರಗೆ ಬಂತು.

ಮದುವೆಯಾಯಿತು. ನದಿ ದಾಟಿ ಹುಡುಗಿ ಬಂದಳು. ದಹಬ್ ಮತ್ತೆ ತೊಟ್ಟಿಗೆ ಬಂದಳು, ನನ್ನನ್ನೂ ಕರೆದುಕೊಂಡು ಬಂದಳು. ಬಾತ ಬ್ಯಾಟರಿಗಳನ್ನು ಅವಳೇ ಒಂದೊಂದಾಗಿ ನೆನೆಹಾಕಿ ತೆಗೆದಳು. ಹಸಿರು ಬಾಗಿಲಿಗೆ ಈಗ ಬೀಗವಿಲ್ಲ, ಚಿಲಕವನ್ನೂ ರಷ್ವಾನ ಕೀಳಿಸಿಬಿಟ್ಟಿದ್ದಾನೆ. ರಾತ್ರಿ ಮನೆಯ ಬಾಗಿಲಿಗೆ ಮಾತ್ರ ಎರಡು ಅಗುಳಿ ಹಾಕಿಸಿದ್ದಾನೆ ಎಂದು ಅವನ ಹೊಸ ಸೊಸೆ ನಗುತ್ತ ಹೇಳಿದಳು. ಬಖೀತನ ಕತ್ತೆಗಾಡಿ ಎದುರು ಬಂದರೆ ಗದ್ದೆಗೆ ಇಳಿದು ಸುತ್ತು ಹಾಕಿಕೊಂಡು ಹೋಗುತ್ತಾನಂತೆ. ಬಖೀತನಿಗೆ ಅದು ಯಾಕೆಂದು ತಿಳಿಯದು. ರಕ್ತ ಮುಗಿಯಿತೆಂದು ಅವನು ಬಂದೂಕನ್ನೂ ಮಾರಿಬಿಟ್ಟಿದ್ದ.

ಈಗ ಮಧ್ಯಾಹ್ನ ತಟ್ಟೆ ಇಳಿದಾಗ ರಷ್ವಾನ ಬೆನ್ನು ತಿರುಗಿಸುವುದಿಲ್ಲ. ಮರ್ಯಾದೆ ಬಿಟ್ಟು, ಗೋಡೆಯ ಆಚೆ ನಿಂತು, ಅವಳ ಮಡಿಲನ್ನು ನೋಡುತ್ತಾನೆ. ಅವಳು ಗಂಟು ಬಿಚ್ಚುತ್ತಾಳೆ, ರೊಟ್ಟಿಯನ್ನು ಜೋನಿಬೆಲ್ಲಕ್ಕೆ ಅದ್ದುತ್ತಾಳೆ.

ಮೊನ್ನೆ ಅವನು ತೊಟ್ಟಿಯ ತನಕ ಬಂದ. ಕೈಯಲ್ಲಿ ಒಂದು ಚಿಕ್ಕ ಪೊಟ್ಟಣ ಇತ್ತು. ಅಡುಗೆ ಉಪ್ಪು. ಅದನ್ನು ತೊಟ್ಟಿಯ ಅಂಚಿನ ಮೇಲಿಟ್ಟು ತಗ್ಗಿದ ದನಿಯಲ್ಲಿ, "ಉಮ್ಮು ಶಾಝಲಿ, ಒಂದು ಚಿಟಿಕೆ. ಯಾರಿಗೂ ತಿಳಿಯಲ್ಲ. ನಿನ್ನ ಕೈಯಾರೆ ರೊಟ್ಟಿಯ ಒಂದು ತುತ್ತಿಗೆ ಹಚ್ಚಿ ಕೊಟ್ಬಿಡು," ಎಂದ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಅವಳು ಪೊಟ್ಟಣ ಬಿಚ್ಚಿದಳು. ಉಪ್ಪನ್ನು ಪೂರ್ತಿ ತೊಟ್ಟಿಗೆ ಸುರಿದು, ಕಾಗದವನ್ನು ಮಡಚಿ ಅವನ ಕೈಗೆ ಕೊಟ್ಟಳು. ಆಮೇಲೆ ತೋಳು ಏರಿಸಿ ನೀರಿಗೆ ಕೈ ಇಳಿಸಿ, ಒಂದು ಸೆಲ್ಲು ಎತ್ತಿ, ಒರೆಸಿ, ಬಲ್ಬಿಗೆ ಮುಟ್ಟಿಸಿ ನೋಡತೊಡಗಿದಳು.